ಟೇಕಾಫ್ ಸದ್ದಿಗೆ ಎದೆ ಝಲ್ಲೆನ್ನುವವರಿಗೆ

"ಮೇಲೆ ಹೋಗ್ತಾ ಇದ್ದ ಹಾಗೇ ಎಂಜಿನ್ ಸದ್ದು ಒಮ್ಮೆಲೇ ಕಡಿಮೆ ಆಯ್ತು ಡಾಕ್ಟ್ರೇ. ವಿಮಾನ ಬೀಳ್ತಿದೆ ಅನ್ನಿಸಿ ಕೈಕಾಲೇ ಆಡಲಿಲ್ಲ." ವಿಮಾನದ ಭಯ ಎಂದು ನನ್ನ ಬಳಿ ಬರುವವರಲ್ಲಿ ತುಂಬಾ ಜನ ಹೇಳುವುದು ಹೆಚ್ಚುಕಡಿಮೆ ಇದೇ ಮಾತು. 35,000 ಅಡಿ ಎತ್ತರದಲ್ಲಿ ಹಾಯಾಗಿ ಊಟ ಮಾಡುವವರೂ ಟೇಕಾಫ್, ಲ್ಯಾಂಡಿಂಗ್ ಬಂತೆಂದರೆ ಬೆವರುತ್ತಾರೆ. ಮನೋವೈದ್ಯನಾದ ನಾನು ಇವರಿಗೆ ಮೊದಲೇ ಧೈರ್ಯ ಹೇಳಲು ಹೋಗುವುದಿಲ್ಲ. ಯಾವ ಸದ್ದು ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎಂದು ಕಾಗದದ ಮೇಲೆ ಬರೆಸುತ್ತೇನೆ. ಮುಂದೇನು ಬರುತ್ತದೆಂದು ಗೊತ್ತಿದ್ದಾಗ ಹೆದರಿಕೆಗೆ ಅಷ್ಟು ಬಲ ಇರುವುದಿಲ್ಲ.

ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ಏರ್‌ಬಸ್ ಎ320 ಜಾತಿಯವು ಬಹಳ. ಅದು ರನ್‌ವೇ ಕಡೆ ನಿಧಾನವಾಗಿ ಸಾಗುವಾಗ ಕೆಲವೊಮ್ಮೆ ಕಾಲ ಕೆಳಗಿನಿಂದ ನಾಯಿ ಬೊಗಳಿದಂಥ ಸದ್ದು ಕೇಳುತ್ತದೆ. ಇಂಧನ ಉಳಿಸಲು ಒಂದೇ ಎಂಜಿನ್ ಚಾಲೂ ಇಟ್ಟಿರುತ್ತಾರೆ. ಆಗ ಒಂದು ಹೈಡ್ರಾಲಿಕ್ (ದ್ರವದ ಒತ್ತಡದಿಂದ ನಡೆಯುವ) ವ್ಯವಸ್ಥೆಯ ಒತ್ತಡದಿಂದ ಇನ್ನೊಂದನ್ನು ನಡೆಸುವ ಯಂತ್ರದ ಸದ್ದು ಅದು. ಏನೂ ಕೆಟ್ಟಿರುವುದಿಲ್ಲ. ರನ್‌ವೇಯಲ್ಲಿ ಸುಮಾರು ಅರ್ಧ ನಿಮಿಷದ ಓಟ. ನೆಲ ಬಿಟ್ಟ ಕೆಲವೇ ಸೆಕೆಂಡಿಗೆ ಕೆಳಗೆ 'ಧಡ್' ಎನ್ನುತ್ತದೆ. ಚಕ್ರ ಒಳಗೆ ಮಡಚಿಕೊಂಡು ಅದರ ಬಾಗಿಲು ಮುಚ್ಚಿತು ಎಂದು ಲೆಕ್ಕ.

ಇನ್ನು ಎಲ್ಲರನ್ನೂ ಹೆದರಿಸುವ ಆ ಗಳಿಗೆ. ಸಾಮಾನ್ಯವಾಗಿ 1,000ದಿಂದ 1,500 ಅಡಿ ಏರಿದ ಮೇಲೆ ಟೇಕಾಫ್‌ಗೆ ಬೇಕಿದ್ದ ಜೋರನ್ನು ಎಂಜಿನ್‌ನಿಂದ ಇಳಿಸುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ, ಏರುವ ರಭಸ ಮಾತ್ರ ತಗ್ಗುತ್ತದೆ. ನಮ್ಮ ಒಳಗಿವಿಯ ಸಮತೋಲನದ ಅಂಗಕ್ಕೆ ತಿಳಿಯುವುದು ವೇಗದ ಬದಲಾವಣೆ ಮಾತ್ರ. ಮೇಲೇರುವ ಲಿಫ್ಟ್ ನಿಲ್ಲುವಾಗ ಮೈ ಹಗುರಾಗಿ ಹೊಟ್ಟೆ ತೇಲಿದ ಹಾಗೆ ಆಗುತ್ತಲ್ವಾ, ಇದೂ ಅದೇ. ಮನಸ್ಸು ಅದನ್ನು 'ಬಿದ್ದೆ' ಎಂದು ಓದಿಕೊಳ್ಳುತ್ತದೆ. ಮುಂದಿನ ಸಲ ಅದು ಬರುವ ಮೊದಲೇ "ಈಗ ಜೋರು ಇಳಿಸ್ತಾರೆ" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಹೇಳಿದ ಹಾಗೇ ಆದಾಗ ಎಷ್ಟು ನೆಮ್ಮದಿ ಎಂಬುದನ್ನು ನೀವೇ ನೋಡುತ್ತೀರಿ.

ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ಟೇಕಾಫ್ ಆದ ಕೂಡಲೇ ವಿಮಾನ ಬಿದ್ದು, ಒಳಗಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ಆ ವಿಡಿಯೋ ಎಲ್ಲರ ಫೋನಿಗೂ ಬಂತು. ಅದನ್ನು ನೋಡಿ ಹೆದರಿದವರಿಗೆ "ಸುಮ್ನೆ ಯಾಕೆ ಹೆದರ್ತೀರಿ" ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವಿಮಾನ ಅಪಘಾತ ತೀರಾ ಅಪರೂಪ. ಆದರೆ ಆದವುಗಳಲ್ಲಿ ಹೆಚ್ಚಿನವು ಏರುವ, ಇಳಿಯುವ ಹೊತ್ತಿನಲ್ಲೇ ಆಗಿವೆ. ಅದಕ್ಕೇ ಆ ಹೊತ್ತಿನಲ್ಲಿ ಅಷ್ಟು ಕಟ್ಟುನಿಟ್ಟು. 10,000 ಅಡಿಯ ಕೆಳಗೆ ಪೈಲಟ್‌ಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ರಾತ್ರಿ ದೀಪ ಮಂದ ಮಾಡುವುದು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು, ಕಿಟಕಿಯ ಪರದೆ ತೆರೆಸುವುದು ಹೊರಗೇನಾಗುತ್ತಿದೆ ಎಂದು ಸಿಬ್ಬಂದಿಗೆ ಕಾಣಲಿ ಎಂದು. ರನ್‌ವೇಯಲ್ಲಿ ನಿಗದಿಯಾದ ವೇಗ ದಾಟಿದ ಮೇಲೆ ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರಿಂದಲೇ ಏರುವಂತೆ ವಿಮಾನವನ್ನು ಕಟ್ಟಿರುತ್ತಾರೆ. ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಲ್ಯಾಂಡಿಂಗ್‌ನಲ್ಲಿ ಸದ್ದು ಇನ್ನೂ ಜಾಸ್ತಿ. ರೆಕ್ಕೆಯ ಮೇಲೆ ಹಲಗೆಗಳು ಏಳುತ್ತವೆ, ವಿಮಾನದ ಮೈಯೆಲ್ಲ ನಡುಗಿದ ಹಾಗಾಗುತ್ತದೆ. ವೇಗ ತಗ್ಗಿಸುವ ದಾರಿ ಅದು. ಆಮೇಲೆ ಚಕ್ರ ಬಿಟ್ಟಾಗ ಗಾಳಿಯ ಭೋರ್ಗರೆತ. ನೆಲ ಮುಟ್ಟಿದ ಮೇಲೆ ಎಂಜಿನ್ ಮತ್ತೆ ಅಬ್ಬರಿಸುವುದು ರಿವರ್ಸ್ ಥ್ರಸ್ಟ್‌ನಿಂದ, ಅಂದರೆ ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವಿಮಾನವನ್ನು ನಿಲ್ಲಿಸಲು. ಮಳೆಗಾಲದಲ್ಲಿ ಧಡಕ್ಕೆಂದು ಇಳಿಸಿದರೆ ಪೈಲಟ್‌ಗೆ ಬೈಯಬೇಡಿ. ಒದ್ದೆ ರನ್‌ವೇಯಲ್ಲಿ ಚಕ್ರಕ್ಕೆ ಹಿಡಿತ ಸಿಗಲಿ ಎಂದು ಬೇಕೆಂದೇ ಹಾಗೆ ಇಳಿಸುತ್ತಾರೆ.

ಕರಾವಳಿಯವರು ನನ್ನಲ್ಲಿ ತಪ್ಪದೇ ಕೇಳುವುದು ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ವಿಷಯ. ಗುಡ್ಡದ ತಲೆಯ ಮೇಲಿನ ಆ ರನ್‌ವೇಯಲ್ಲಿ 2010ರ ಮೇ 22ರಂದು ವಿಮಾನ ಅಪಘಾತದಲ್ಲಿ 158 ಜನ ತೀರಿಕೊಂಡರು. ಇಳಿಯುವ ಹದ ತಪ್ಪಿದ್ದರೂ ಕ್ಯಾಪ್ಟನ್ ಇಳಿಸಲು ಹೋದರು, ಸಹ ಪೈಲಟ್ 'ಗೋ ಅರೌಂಡ್' (ಇಳಿಸದೆ ಮತ್ತೆ ಮೇಲೇರಿ) ಎಂದರೂ ಕೇಳಲಿಲ್ಲ ಎಂದು ತನಿಖೆಯಲ್ಲಿ ಹೊರಬಂತು. ಹಾಗಾಗಿ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ವಿಮಾನ ಗುಡುಗುತ್ತಾ ಮತ್ತೆ ಮೇಲೆದ್ದರೆ, ನನ್ನ ಮಟ್ಟಿಗೆ ಅದಕ್ಕಿಂತ ಸಮಾಧಾನದ ಸಂಗತಿ ಇಲ್ಲ. ಹದ ಸರಿ ಇಲ್ಲ, ಇನ್ನೊಂದು ಸುತ್ತು ಹಾಕೋಣ ಎಂದು ಪೈಲಟ್ ತೀರ್ಮಾನಿಸಿದ್ದಾರೆ, ಅಷ್ಟೆ.

ಇಷ್ಟೆಲ್ಲ ಗೊತ್ತಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ ಬಿಡಿ. ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿಯೇ ಇಳಿಯತೊಡಗುತ್ತದೆ. ತಡೆಯಲು ಹೋದಷ್ಟೂ ಅದು ಹಟ ಹಿಡಿಯುತ್ತದೆ. ನಿಮ್ಮ ಕೈಗಳನ್ನೇ ಗಮನಿಸಿ: ಹೆದರಿದವರು ಸೀಟಿನ ತೋಳನ್ನು ಬೆರಳ ಗೆಣ್ಣು ಬಿಳಿಚುವಷ್ಟು ಬಿಗಿ ಹಿಡಿದಿರುತ್ತಾರೆ, ಹಲ್ಲು ಕಚ್ಚಿರುತ್ತಾರೆ, ಗಗನಸಖಿಯ ಮುಖವನ್ನೇ ನೋಡುತ್ತಿರುತ್ತಾರೆ. ಕೈ ಬಿಟ್ಟು ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ಪಾದ ನೆಲಕ್ಕೆ ಊರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, ಆರು ಎಣಿಸುವವರೆಗೆ ಮೆಲ್ಲಗೆ ಬಿಡಿ. ಬಿಡುವ ಉಸಿರು ಉದ್ದವಾಗಬೇಕು. ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು ಹೆಚ್ಚಾಗಿ ಬೇಗ ಬೇಗ ಉಸಿರಾಡಿದ್ದರಿಂದಲೇ.

ರೆಕ್ಕೆಯ ಹತ್ತಿರದ ಸೀಟು ಕೇಳಿ, ಕುಲುಕಾಟ ಅಲ್ಲಿ ಕಡಿಮೆ. ಇಳಿಯುವಾಗ ಕಿವಿ ನೋಯುವವರು ಆ ಹೊತ್ತಿಗೆ ನಿದ್ದೆ ಮಾಡಬಾರದು, ಉಗುಳು ನುಂಗುತ್ತಿರಬೇಕು. ಧೈರ್ಯಕ್ಕೆಂದು ಕುಡಿದು ಹತ್ತಬೇಡಿ. ಬೇರೆಯವರ ನಿದ್ದೆ ಮಾತ್ರೆ ತೆಗೆದುಕೊಳ್ಳಲೇಬೇಡಿ. ಮಾತ್ರೆಯ ಮಂಪರಿನಲ್ಲಿ ಹೋಗಿ ಬಂದರೆ ಮನಸ್ಸು ಏನೂ ಕಲಿಯುವುದಿಲ್ಲ, ಮುಂದಿನ ಸಲ ಮತ್ತೆ ಅದೇ ಭಯ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕಾದ ಅಮ್ಮಂದಿರು ಕೊನೇ ವಾರದಲ್ಲಿ ಓಡಿ ಬರುತ್ತಾರೆ. ಎರಡು ಮೂರು ತಿಂಗಳು ಮೊದಲೇ ಬನ್ನಿ. ಮೊದಲು ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಒಂದು ಸಣ್ಣ ಹಾರಾಟ ಮಾಡಿಸಿ, ಆಮೇಲೆ ದೂರದ್ದು ನೋಡೋಣ. ಭಯದಿಂದ ಟಿಕೆಟ್ ರದ್ದು ಮಾಡುವ ಮಟ್ಟಕ್ಕೆ ಬಂದಿದ್ದರೆ ಹತ್ತಿರದ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.