ಸರ್, ನಮ್ಮ ಕಡೆಯವರು ಓಟು ಯಾಕೆ ಹಾಕಲ್ಲ?

ಕೆಂಗೇರಿ ಉಪನಗರದ ಓದುಗರೊಬ್ಬರು ಕೇಳಿದ್ದಾರೆ: 'ಸರ್, ನಮ್ಮ ಕಡೆ ಓದಿದವರೇ ಜಾಸ್ತಿ. ಆದರೂ ಬೆಂಗಳೂರಿನ ಮತದಾನ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ರಜೆ ಕೊಟ್ಟರೆ ಎಲ್ಲರೂ ಕೂರ್ಗು, ಚಿಕ್ಕಮಗಳೂರು ಅಂತ ಹೊರಟುಬಿಡ್ತಾರೆ. ಯಾಕೆ ಹೀಗೆ?'

ಈ ಪ್ರಶ್ನೆ ಪ್ರತಿ ಚುನಾವಣೆಗೂ ಬರುತ್ತದೆ. ಉತ್ತರವನ್ನೂ ಅವರೇ ಬರೆದಿರುತ್ತಾರೆ: ಕೂರ್ಗು. ನಾನು 'ಹೌದು' ಅನ್ನಬೇಕು, ಅಷ್ಟೇ. ಈ ಸಲವೂ ಅನ್ನುವುದಿಲ್ಲ.

ಕ್ಯಾಲೆಂಡರ್ ತೆಗೆಯಿರಿ. 2018ರ ವಿಧಾನಸಭೆ ಚುನಾವಣೆ ಮೇ 12, ಶನಿವಾರ. 2019ರ ಲೋಕಸಭೆಗೆ ಏಪ್ರಿಲ್ 18, ಗುರುವಾರ. ಮಾರನೇ ದಿನ ಗುಡ್ ಫ್ರೈಡೇ. 2023ರಲ್ಲಿ ಮೇ 10, ಬುಧವಾರ. ಜನ ರಜೆ ಸೇರಿಸಿಕೊಂಡು ಊರು ಬಿಡಬಾರದು ಅಂತಲೇ ಚುನಾವಣಾ ಆಯೋಗ ಬುಧವಾರ ಆರಿಸಿತ್ತು. 2024ರಲ್ಲಿ ಏಪ್ರಿಲ್ 26, ಶುಕ್ರವಾರ. ನಾಲ್ಕೂ ಸಲ ಬೆಂಗಳೂರು ನಗರ ಶೇ 55ರ ಆಸುಪಾಸಿನಲ್ಲೇ ನಿಂತಿತು. ನಿಮ್ಮ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲೂ 54 ಚಿಲ್ಲರೆ, 2024ರಲ್ಲೂ 54 ಚಿಲ್ಲರೆ. ಕೂರ್ಗೇ ಕಾರಣ ಆಗಿದ್ದರೆ ಬುಧವಾರ ಏರಬೇಕಿತ್ತು, ಶುಕ್ರವಾರ ಬೀಳಬೇಕಿತ್ತು, ಅಲ್ವಾ? ಅಲ್ಲಾಡಲೇ ಇಲ್ಲ.

ಕೂರ್ಗು ಬಿಟ್ಟರೆ ಅದರ ತಮ್ಮ ಒಬ್ಬ ಇದ್ದಾನೆ. 'ಐಟಿಯವರು ಓಟರ್ ಐಡಿಯೇ ಮಾಡಿಸಲ್ಲ, ಅದಕ್ಕೇ ಕಮ್ಮಿ.' ಸ್ವಾಮಿ, ಶೇಕಡಾ ಲೆಕ್ಕ ಹಾಕುವುದು ಪಟ್ಟಿಯಲ್ಲಿ ಹೆಸರಿರುವವರ ಮೇಲೆ. ಪಟ್ಟಿಯಲ್ಲೇ ಇಲ್ಲದವರು ಲೆಕ್ಕಕ್ಕೇ ಬರುವುದಿಲ್ಲ. ಇಡೀ ಅಪಾರ್ಟ್‌ಮೆಂಟ್ ಹೆಸರು ಸೇರಿಸದೇ ಕೂತರೂ ಈ ಸಂಖ್ಯೆ ಒಂದು ಚೂರೂ ಇಳಿಯಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಛೇದ ನೋಡದೆ ಭಿನ್ನರಾಶಿಯ ಬಗ್ಗೆ ಮಾತಾಡಿದರೆ ಮೈ ಉರಿಯುತ್ತದೆ.

ಗಂಟು ಇರುವುದು ಆ ಛೇದದಲ್ಲೇ, ಅಂದರೆ ಪಟ್ಟಿಯಲ್ಲಿರುವ ಹೆಸರುಗಳಲ್ಲೇ. ಕಳೆದ ಸಲ ನಮ್ಮ ಮನೆಗೆ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಆರು ಓಟರ್ ಚೀಟಿ ತಂದುಕೊಟ್ಟರು. ಮನೆಯಲ್ಲಿರುವುದು ಮೂರು ಓಟು. ಉಳಿದ ಮೂರು ಮಹಡಿ ಮನೆಯಲ್ಲಿದ್ದ ಹಳೇ ಬಾಡಿಗೆದಾರರದು. ಅವರು ಮನೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಹನ್ನೊಂದು ತಿಂಗಳ ಕರಾರಿನ ಮೇಲೆ ಬದುಕುವ ಊರು ಇದು. ಜನ ಗ್ಯಾಸ್ ಸಂಪರ್ಕ ಬದಲಾಯಿಸುತ್ತಾರೆ, ಓಟು ಬದಲಾಯಿಸಲ್ಲ. ನಮೂನೆ 8 ತುಂಬಿದರೆ ಹೆಸರು ಹೊಸ ವಿಳಾಸಕ್ಕೆ ಬರುತ್ತದೆ, ಹಳೆಯದು ಹೋಗುತ್ತದೆ. ತೀರಿಕೊಂಡವರ ಹೆಸರು ತೆಗೆಸಲು ಮನೆಯವರು ನಮೂನೆ 7 ಕೊಡಬಹುದು. ಆ ದುಃಖದಲ್ಲಿ ಯಾರಿಗೆ ನೆನಪಿರುತ್ತದೆ?

ಚುನಾವಣಾ ಡ್ಯೂಟಿ ಮಾಡಿದವರಿಗೆ ಎಎಸ್‌ಡಿ ಪಟ್ಟಿ ಗೊತ್ತು. ಮನೆಯಲ್ಲಿ ಸಿಗದವರು, ಬಿಟ್ಟು ಹೋದವರು, ತೀರಿಕೊಂಡವರು. ಮತಗಟ್ಟೆಯಲ್ಲಿ ನಮ್ಮ ಕೈಗೆ ಕೊಡುತ್ತಾರೆ. ಅದರಲ್ಲಿದ್ದ ಹೆಸರುಗಳೂ ಛೇದದಲ್ಲಿ ಹಾಗೇ ಉಳಿದಿರುತ್ತವೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ: ಪಟ್ಟಿಯಲ್ಲಿ 1,000 ಹೆಸರು, ಬಿದ್ದ ಓಟು 540. ಶೇ 54. ಅದರಲ್ಲಿ 200 ಜನ ಅಲ್ಲಿ ಇಲ್ಲವೇ ಇಲ್ಲ ಅಂದರೆ? 800ಕ್ಕೆ 540, ಶೇ 67.5. ಜನ ಬದಲಾಗಲಿಲ್ಲ, ಓಟು ಬದಲಾಗಲಿಲ್ಲ, ಸೋಮಾರಿತನ ಮಾತ್ರ ಮಾಯ.

ಇನ್ನು ಊರು ಬಿಟ್ಟು ಹೋಗುವವರ ವಿಷಯ. ಚುನಾವಣೆ ಹಿಂದಿನ ರಾತ್ರಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಕಾಲಿಡಲು ಜಾಗ ಇರಲ್ಲ. ಅವರಲ್ಲಿ ಎಷ್ಟೋ ಜನ ಓಟು ಹಾಕಲೆಂದೇ ಹೊರಟವರು. ಮನೆ ಇಲ್ಲಿ, ಓಟು ಊರಲ್ಲಿ. ಅದೇ 2024ರ ಏಪ್ರಿಲ್ 26ರ ಶುಕ್ರವಾರ ಮಂಡ್ಯದಲ್ಲಿ ಶೇ 81 ದಾಟಿತ್ತು. ಅದರಲ್ಲಿ ನಮ್ಮ ಪಕ್ಕದ ಮನೆಯ ನಾಲ್ಕು ಓಟೂ ಸೇರಿವೆ. ಕೆಲವರ ಹೆಸರು ಎರಡೂ ಕಡೆ ಇರುತ್ತದೆ. ಅದು ತಪ್ಪು, ಬಿಡಿ.

ನಿಜವಾದ ಸೋಮಾರಿಗಳು ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಇದ್ದಾರೆ. ನಮ್ಮ ಮನೆಯಲ್ಲೇ ಒಬ್ಬನನ್ನು ಸಂಜೆ ನಾಲ್ಕಕ್ಕೆ ಎಬ್ಬಿಸಿ ಕಳಿಸಿದ್ದೇನೆ.

ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ನಮ್ಮ ಕಡೆಯವರು ಯಾವ ಪಕ್ಷ? ಇದಕ್ಕೂ ಎಲ್ಲರ ಬಾಯಲ್ಲಿ ರೆಡಿ ಉತ್ತರ ಇರುತ್ತದೆ. ನಿಮ್ಮ ಯಶವಂತಪುರ ವಿಧಾನಸಭಾ ಕ್ಷೇತ್ರವನ್ನೇ ನೋಡಿ. ಎಸ್. ಟಿ. ಸೋಮಶೇಖರ್ 2013ರಲ್ಲಿ, 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2023ರಲ್ಲಿ ಮತ್ತೆ ಬಿಜೆಪಿಯಿಂದ. 2025ರಲ್ಲಿ ಆ ಪಕ್ಷ ಅವರನ್ನು ಉಚ್ಚಾಟಿಸಿತು. ಚಿಹ್ನೆ ಬದಲಾಯಿತು, ಆಳು ಬದಲಾಗಲಿಲ್ಲ. ಇತ್ತ ಯಶವಂತಪುರವೂ ಸೇರಿರುವ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ 2004ರಿಂದ ಬಿಜೆಪಿಯನ್ನು ಬಿಟ್ಟಿಲ್ಲ. ಅಂದರೆ 2018ರ ಮೇನಲ್ಲಿ ಕೈಗೆ ಒತ್ತಿದ ಎಷ್ಟೋ ಬೆರಳು ಮರುವರ್ಷ ಏಪ್ರಿಲ್‌ನಲ್ಲಿ ಕಮಲಕ್ಕೆ ಒತ್ತಿರಬೇಕು. ಇವರನ್ನು ಯಾವ ಪಕ್ಷ ಅನ್ನೋಣ?

ಸುಮ್ನೆ ಊಹೆ ಮಾಡುವ ಬದಲು ನಮೂನೆ 20 ನೋಡಿ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಅಂತ ಅದರಲ್ಲಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಬೂತ್ ಸಂಖ್ಯೆ ನಿಮ್ಮ ಚೀಟಿಯ ಮೇಲೇ ಇದೆ. ನಾನು ನಮ್ಮದನ್ನು ನೋಡಿದೆ. ನಮ್ಮ ಬೂತಿನಲ್ಲಿ ಮುಂದಿದ್ದವರು ಒಬ್ಬರು, ಎದುರು ರಸ್ತೆಯ ಬೂತಿನಲ್ಲಿ ಇನ್ನೊಬ್ಬರು. ಹಾಲು ಮಾತ್ರ ಎಲ್ಲರೂ ಒಂದೇ ಬೂತಿನಿಂದ ತರುತ್ತೇವೆ.