ಮಾನಿಟರ್ಡ್ ಅಲಾರ್ಮ್ ಅಂದರೆ ಏನು? ಕ್ಯಾಮೆರಾ ಇದ್ದರೆ ಸಾಕಾಗಲ್ವಾ?

2013ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ ಬಳಿಯ ಎಟಿಎಂಗೆ ಒಬ್ಬ ಮಹಿಳೆ ಹೋದರು. ಹಿಂದೆಯೇ ನುಗ್ಗಿದವನು ಶಟರ್ ಎಳೆದು, ಮಚ್ಚಿನಿಂದ ಹಲ್ಲೆ ಮಾಡಿ ಹೊರಟುಹೋದ. ಕ್ಯಾಮೆರಾದಲ್ಲಿ ಎಲ್ಲವೂ ಸ್ಪಷ್ಟವಾಗಿ ದಾಖಲಾಯಿತು. ಆದರೂ ಗಂಟೆಗಟ್ಟಲೆ ಯಾರೂ ನೆರವಿಗೆ ಬರಲಿಲ್ಲ. ಆರೋಪಿ ಸಿಕ್ಕಿದ್ದು 2017ರಲ್ಲಿ.

ಕ್ಯಾಮೆರಾ ನಡೆದದ್ದನ್ನು ದಾಖಲಿಸುತ್ತದೆ, ಅಷ್ಟೇ. ಮನೆಗೋ ಅಂಗಡಿಗೋ ಕ್ಯಾಮೆರಾ ಹಾಕಿಸುವವರು ಮೊದಲು ಕೇಳಬೇಕಾದ್ದು 'ಎಷ್ಟು ಮೆಗಾಪಿಕ್ಸೆಲ್' ಅಂತಲ್ಲ, 'ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ನೋಡೋರು ಯಾರು, ಬರೋರು ಯಾರು' ಅಂತ.

ಬಾಗಿಲು ತೆರೆದಾಗ ಸೈರನ್ ಮಾತ್ರ ಕೂಗಿದರೆ ಅದು ಸಾದಾ ಅಲಾರ್ಮ್. ಅಕ್ಕಪಕ್ಕದವರು ಎದ್ದು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಮೊಬೈಲಿಗೆ ಮೆಸೇಜ್ ಬಂದರೆ ಕಾವಲುಗಾರರು ನೀವೇ. ನೀವು ನಿದ್ದೆಯಲ್ಲಿದ್ದರೆ, ಬಸ್ಸಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದೂ ವ್ಯರ್ಥ. ಸೂಚನೆ ಒಂದು ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕೂತಿರುವವರು ಅದನ್ನು ನೋಡಿ ಮುಂದಿನ ಕೆಲಸ ಮಾಡಿದರೆ ಅದು ಮಾನಿಟರ್ಡ್ ಅಲಾರ್ಮ್. ಇದಕ್ಕೆ ತಿಂಗಳಿಗೋ ವರ್ಷಕ್ಕೋ ಶುಲ್ಕ ಇರುತ್ತದೆ.

ಒಳಗೆ ನಡೆಯುವುದು ಹೀಗೆ. ಬಾಗಿಲಿಗೊಂದು, ಚೌಕಟ್ಟಿಗೊಂದು ಪುಟ್ಟ ತುಂಡು ಅಂಟಿಸಿರುತ್ತಾರೆ. ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಸ್ವಿಚ್. ಬಾಗಿಲು ಸರಿದರೆ ಎರಡೂ ದೂರವಾಗುತ್ತವೆ, ಅಲಾರ್ಮಿನ ನಿಯಂತ್ರಣ ಪೆಟ್ಟಿಗೆಯಾದ ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಮನೆಯವರೇ ಇರಬಹುದಲ್ವಾ, ಹಾಗಾಗಿ ಕೋಡ್ ಒತ್ತಲು ಅದು ಒಂದಿಷ್ಟು ಸೆಕೆಂಡು ಕಾಯುತ್ತದೆ. ಒತ್ತದಿದ್ದರೆ ಸೈರನ್ ಕೂಗುತ್ತದೆ, ಕಂಟ್ರೋಲ್ ರೂಮಿಗೂ ಸೂಚನೆ ಹೋಗುತ್ತದೆ. ಅಲ್ಲಿರುವವರು ಕ್ಯಾಮೆರಾ ತೆರೆದು ನೋಡಿ, ನಿಮಗೆ, ನೀವು ಹೆಸರು ಕೊಟ್ಟ ನೆರೆಯವರಿಗೆ, ಬೇಕಾದರೆ 112ಕ್ಕೆ ಫೋನ್ ಮಾಡುತ್ತಾರೆ.

ಕ್ಯಾಮೆರಾದಲ್ಲಿ ನೋಡಿ ಖಚಿತ ಮಾಡಿಕೊಳ್ಳುವ ಹಂತವನ್ನು ಬಿಡಲೇಬಾರದು. ದೇಹದ ಬಿಸಿ ಗುರುತಿಸುವ ಪಿಐಆರ್ ಸೆನ್ಸರ್ ಬೆಕ್ಕು ಓಡಾಡಿದರೂ, ಹಲ್ಲಿ ಅದರ ಮೇಲೆಯೇ ಹರಿದರೂ ಕೂಗಬಹುದು. ನಾಲ್ಕು ಸಲ ಸುಮ್ನೆ ಕೂಗಿದ ಅಲಾರ್ಮನ್ನು ಐದನೇ ಸಲ ಯಾರೂ ಗಂಭೀರವಾಗಿ ತಗೊಳ್ಳೋದಿಲ್ಲ.

ಮಕ್ಕಳೆಲ್ಲ ಮುಂಬೈ, ಗಲ್ಫ್ ಸೇರಿ ಊರಿನ ಮನೆಗೆ ಬೀಗ ಬಿದ್ದಿರುವ ಕರಾವಳಿಯ ಕುಟುಂಬಗಳಿಗೆ ಈ ಖರ್ಚು ಸಾರ್ಥಕ ಎಂಬುದು ನನ್ನ ಅಭಿಪ್ರಾಯ. ಸದಾ ಜನ ಇರುವ ಮನೆಗೆ ಒಳ್ಳೆಯ ಬಾಗಿಲು, ಎರಡು ಕ್ಯಾಮೆರಾ, ಒಂದು ಸೈರನ್ ಸಾಕು.

ಕ್ಯಾಮೆರಾ ಆರಿಸುವಾಗ ಸ್ಟೋರೇಜ್ ಲೆಕ್ಕ ಹಾಕಿ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾ ಇದ್ದರೆ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು-ಹನ್ನೆರಡು ದಿನಕ್ಕೇ ತುಂಬಿ, ಹಳೆಯದು ಅಳಿಯುತ್ತಾ ಹೋಗುತ್ತದೆ. ಜನ ಜಾಸ್ತಿ ಸೇರುವ ಮಳಿಗೆ, ಆಸ್ಪತ್ರೆಗಳಂಥವಕ್ಕೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ಕ್ಯಾಮೆರಾ ಕಡ್ಡಾಯ, 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಹಾಗಾದರೆ ಈ ಲೆಕ್ಕದಲ್ಲಿ 3 ಟಿಬಿಯಾದರೂ ಬೇಕು.

ಕಳ್ಳರು ಡಿವಿಆರ್ ಅನ್ನುವ, ಕ್ಯಾಮೆರಾದ ದೃಶ್ಯಗಳು ದಾಖಲಾಗುವ ಪೆಟ್ಟಿಗೆಯನ್ನೇ ಹೊತ್ತೊಯ್ಯುವುದುಂಟು. ಅದನ್ನು ಟಿವಿ ಕೆಳಗೆ ಇಡಬೇಡಿ, ಬೀಗದ ಕಪಾಟಿನಲ್ಲಿಡಿ. ಗೇಟಿನ ಕ್ಯಾಮೆರಾ ತೀರಾ ಎತ್ತರದಲ್ಲಿದ್ದರೆ ಬರೀ ಟೋಪಿ, ತಲೆಗೂದಲು ಕಾಣುತ್ತವೆ, ಮುಖ ಕಾಣೋದಿಲ್ಲ.

ಮಾನಿಟರ್ಡ್ ಸೇವೆಗೆ ಸಹಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಅಂಗಡಿಯವರ ಎದುರೇ ಮೇನ್ ಸ್ವಿಚ್ ಆರಿಸಿ, ವೈಫೈ ತೆಗೆದು, ಬಾಗಿಲು ತೆರೆಯಿರಿ. ಪ್ಯಾನೆಲ್‌ನ ಬ್ಯಾಟರಿ, ಸಿಮ್ ಎರಡೂ ಸರಿಯಿದ್ದರೆ ಕಂಟ್ರೋಲ್ ರೂಮಿನಿಂದ ಫೋನ್ ಬರಬೇಕು. ಎಷ್ಟು ಹೊತ್ತಿಗೆ ಬಂತು ಅಂತ ಗಡಿಯಾರ ನೋಡಿಕೊಳ್ಳಿ. ಅದೇ ಪರೀಕ್ಷೆಯನ್ನು ನಡುರಾತ್ರಿ ಇನ್ನೊಮ್ಮೆ ಮಾಡಲು ಒಪ್ಪದವರ ಸೇವೆ ಬೇಡ.