ಎಂಜಿನ್ ನಿಂತಾಗ ಎಡಗೈ ಏನು ಮಾಡಬೇಕು?

ಎಂಜಿನ್‌ನಲ್ಲಿ ದೋಷದ ಶಂಕೆ, ತುರ್ತಾಗಿ ಇಳಿಯುವಾಗ ಹೆಲಿಕಾಪ್ಟರ್ ಪಲ್ಟಿ. ಇಂಥ ಸುದ್ದಿ ಓದಿದ ಕೂಡಲೇ, ಎಂಜಿನ್ ಕೈಕೊಟ್ಟಿತು, ಅದಕ್ಕೇ ಬಿತ್ತು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಎಂಜಿನ್ ನಿಂತ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳಬೇಕೆಂದೇನೂ ಇಲ್ಲ.

ಮೊದಲು ಈ 'ಶಂಕೆ' ಏನೆಂದು ನೋಡೋಣ. ಎಂಜಿನ್ ಎಣ್ಣೆಯ ದಾರಿಯಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಒಳಗಿನ ಭಾಗಗಳು ಸವೆದು ಕಬ್ಬಿಣದ ಚೂರು ಎಣ್ಣೆಗೆ ಬಂದರೆ ಅದಕ್ಕೆ ಅಂಟಿಕೊಳ್ಳುತ್ತದೆ, ಪೈಲಟ್ ಎದುರು ದೀಪ ಹತ್ತುತ್ತದೆ. ಅದು ಮುರಿಯುತ್ತಿರುವ ಬೇರಿಂಗ್‌ನ ಚೂರೋ, ಕೂದಲಿನಷ್ಟು ಸಣ್ಣ ಧೂಳೋ ಎಂದು ಆಕಾಶದಲ್ಲಿ ಬಿಚ್ಚಿ ನೋಡಲು ಆಗುವುದಿಲ್ಲ. ಹಾಗಾಗಿ ಎಂಜಿನ್ ಓಡುತ್ತಿದ್ದರೂ ಸುರಕ್ಷಿತ ಜಾಗ ನೋಡಿ ಇಳಿಸುವುದೇ ಸರಿ. ಆಮೇಲೆ ಅದು ಬರೀ ಧೂಳು ಎಂದು ಗೊತ್ತಾದರೂ ಆ ಪೈಲಟ್ ಮಾಡಿದ್ದು ತಪ್ಪಲ್ಲ.

ಎಂಜಿನ್ ನಿಜಕ್ಕೂ ನಿಂತರೆ? ಸೈಕಲ್ ಪೆಡಲ್ ತುಳಿಯುವುದನ್ನು ಬಿಟ್ಟರೂ ಹಿಂದಿನ ಚಕ್ರ ತಿರುಗುತ್ತದಲ್ಲ, ಹೆಲಿಕಾಪ್ಟರ್‌ನಲ್ಲೂ ಅಂಥ ಫ್ರೀವೀಲ್ ಇದೆ. ಎಂಜಿನ್ ನಿಂತರೂ ಅದು ರೋಟರನ್ನು, ಅಂದರೆ ಮೇಲೆ ತಿರುಗುವ ರೆಕ್ಕೆಗಳನ್ನು, ಹಿಡಿದು ನಿಲ್ಲಿಸುವುದಿಲ್ಲ. ಪೈಲಟ್‌ನ ಎಡಗಡೆ, ಕಾರಿನ ಹ್ಯಾಂಡ್‌ಬ್ರೇಕ್ ಥರ ಕಾಣುವ ಒಂದು ಲಿವರ್ ಇರುತ್ತದೆ. ಹೆಸರು ಕಲೆಕ್ಟಿವ್. ಮೇಲಕ್ಕೆ ಎಳೆದರೆ ಎಲ್ಲ ರೆಕ್ಕೆಗಳ ಓರೆ ಜಾಸ್ತಿಯಾಗಿ ಹೆಲಿಕಾಪ್ಟರ್ ಏರುತ್ತದೆ. ಕೆಳಗೆ ಬೀಳುತ್ತಿರುವಾಗ ಕೈ ಅದನ್ನು ಎಳೆಯಲು ಹಾತೊರೆಯುತ್ತದೆ. ಮಾಡಬೇಕಾದದ್ದು ಮಾತ್ರ ಉಲ್ಟಾ: ತಕ್ಷಣ ಕೆಳಗೆ ಒತ್ತಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ. ಇದಕ್ಕೆ ಆಟೋರೊಟೇಶನ್ ಎನ್ನುತ್ತಾರೆ. ರಾಬಿನ್ಸನ್ ಆರ್22ನಂಥ ಹಗುರ ಹೆಲಿಕಾಪ್ಟರ್‌ನಲ್ಲಿ ಒಂದೆರಡು ಸೆಕೆಂಡ್ ತಡವಾದರೂ ರೋಟರ್ ವೇಗ ಕಳೆದುಕೊಳ್ಳುತ್ತದೆ, ಮತ್ತೆ ಆ ವೇಗ ತರಲು ಆಗದಿರಬಹುದು.

ನೆಲ ಹತ್ತಿರ ಬಂದಾಗ ಮೂಗು ಎತ್ತಿ ವೇಗ ಇಳಿಸಬೇಕು. ಆಮೇಲೆ ಹೆಲಿಕಾಪ್ಟರನ್ನು ಸಮ ಮಾಡಿ, ಆಗ ಮಾತ್ರ ಕಲೆಕ್ಟಿವ್ ಎಳೆಯಬೇಕು. ತಿರುಗುವ ರೆಕ್ಕೆಗಳಲ್ಲಿ ಉಳಿದ ಶಕ್ತಿ ಒಂದೇ ಸಲ ಖರ್ಚು ಮಾಡುವ ಹಣವಿದ್ದಂತೆ. ಎತ್ತರದಲ್ಲೇ ಖರ್ಚಾದರೆ ನೆಲದ ಹತ್ತಿರ ಕೈ ಖಾಲಿ.

1972ರ ಜೂನ್ 21ರಂದು ಫ್ರಾನ್ಸ್‌ನ ಜ್ಯಾಂ ಬೂಲೆ ಲಾಮಾ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ದಾಖಲೆ ಮಾಡಿದರು. ಇಳಿಯಲು ಶಕ್ತಿ ತಗ್ಗಿಸಿದಾಗ ಎಂಜಿನ್ ಆರಿಹೋಯಿತು. ಅಷ್ಟು ಎತ್ತರದಿಂದ ಎಂಜಿನ್ ಇಲ್ಲದೆಯೇ ಇಳಿದು ನೆಲ ಮುಟ್ಟಿದರು! 2013ರ ನವೆಂಬರ್ 29ರ ರಾತ್ರಿ ಗ್ಲಾಸ್ಗೋದಲ್ಲಿ ಆದದ್ದು ನೆನೆದರೆ ಸಂಕಟವಾಗುತ್ತದೆ. ಇಂಧನ ಸಿಗದೆ ಪೊಲೀಸ್ ಹೆಲಿಕಾಪ್ಟರ್‌ನ ಎರಡೂ ಎಂಜಿನ್ ನಿಂತವು. ರೋಟರ್ ತಿರುಗುತ್ತ ಉಳಿಯಲಿಲ್ಲ. ಅದು ಒಂದು ಪಬ್ಬಿನ ಚಾವಣಿಯ ಮೇಲೆ ಬಿತ್ತು, 10 ಜನ ತೀರಿಕೊಂಡರು.

ಇನ್ನು ಪಲ್ಟಿಯ ವಿಷಯ. ತುರ್ತಿನಲ್ಲಿ ಸಿಗುವ ಜಾಗ ಸಮವಾಗಿರುವುದು ಅಪರೂಪ. ಇಳಿಯುವಾಗ ಪಕ್ಕಕ್ಕೆ ಜಾರಿ ಒಂದು ಕಡೆಯ ಕಾಲು ಕಲ್ಲಿಗೋ ಕೆಸರಿಗೋ ಸಿಕ್ಕಿಕೊಂಡರೆ ಇಡೀ ಹೆಲಿಕಾಪ್ಟರ್ ಅದರ ಸುತ್ತ ವಾಲುತ್ತದೆ. ಎಂಜಿನ್ ಇನ್ನೂ ಓಡುತ್ತಿದ್ದರೆ, ಎತ್ತಿಬಿಡೋಣ ಎಂದು ಕೈ ಮತ್ತೆ ಕಲೆಕ್ಟಿವ್ ಎಳೆಯುತ್ತದೆ. ಆದರೆ ವಾಲಿದ ರೋಟರ್ ಈಗ ಪಕ್ಕಕ್ಕೂ ಎಳೆಯುತ್ತಿರುತ್ತದೆ, ಪಲ್ಟಿ ಇನ್ನೂ ಬೇಗ ಆಗುತ್ತದೆ. ಇಲ್ಲೂ ಲಿವರನ್ನು ನಿಧಾನವಾಗಿ ಕೆಳಗೆ ಬಿಡಬೇಕು. ಅದಕ್ಕೆ ಸಿಗುವುದು ಒಂದೆರಡು ಸೆಕೆಂಡ್.